ಹುಬ್ಬಳ್ಳಿಯ ಆಸ್ಪತ್ರೆ ಕಟ್ಟಡಕ್ಕೆ ನೆಲದಾಳದ ಕೊಳವೆಗಳಿಂದ ಕೇಂದ್ರೀಯ ತಂಪು ಮತ್ತು ಬಿಸಿನೀರು: ವಿನ್ಯಾಸ ಹೇಗಿರಬೇಕು?

ಉಣಕಲ್ ಕೆರೆ ದಂಡೆ (ಹುಬ್ಬಳ್ಳಿ) ಕೇಳಿದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಹುಬ್ಬಳ್ಳಿ–ಧಾರವಾಡ ರಸ್ತೆಯ ಸಮೀಪ ಮೂರು ಎಕರೆ ಜಾಗದಲ್ಲಿ ನಮ್ಮ ಟ್ರಸ್ಟ್ 200 ಹಾಸಿಗೆಗಳ ಆಸ್ಪತ್ರೆ ಕಟ್ಟಿಸಲು ಹೊರಟಿದೆ. ನಾನು ಅದರ ಕಟ್ಟಡ ಸಮಿತಿಯಲ್ಲಿರುವ ಸಿವಿಲ್ ಇಂಜಿನಿಯರ್. ಹವಾನಿಯಂತ್ರಣ ನನ್ನ ಕ್ಷೇತ್ರವಲ್ಲ. ನಮ್ಮ ಸಲಹೆಗಾರರು ತಂಪುಗೊಳಿಸುವ ಗರಿಷ್ಠ ಹೊರೆಯನ್ನು 200 ಟನ್ (ಇಲ್ಲಿ ಟನ್ ಎಂದರೆ ತಂಪಿನ ಅಳತೆ) ಎಂದು ಅಂದಾಜಿಸಿ, ನೀರನ್ನು ಆವಿ ಮಾಡಿ ಶಾಖ ಹೊರಹಾಕುವ ಕೂಲಿಂಗ್ ಟವರ್ ಇಡುವ ಬದಲು ಇಡೀ ಕಟ್ಟಡಕ್ಕೆ ಭೂಶಾಖದ ಹೀಟ್ ಪಂಪ್ (ಶಾಖವನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸುವ ಯಂತ್ರ) ವ್ಯವಸ್ಥೆ ಮಾಡಿದರೆ ವಿದ್ಯುತ್ತೂ ಉಳಿಯುತ್ತದೆ, ನೀರೂ ಉಳಿಯುತ್ತದೆ ಎಂದು ಸಮಿತಿಯ ಮುಂದೆ ಇಟ್ಟಿದ್ದಾರೆ. ಮಲಪ್ರಭಾ ನೀರಿಗೆ ಕಾದು ಕುಳಿತುಕೊಳ್ಳುವ ಊರಿನಲ್ಲಿ ಟವರಿನಿಂದ ನೀರನ್ನು ಆವಿ ಮಾಡಿ ಬಿಡುವುದು ಸರಿಯಲ್ಲ ಎಂಬ ಮಾತಿಗೆ ಸಮಿತಿಯ ಹಿರಿಯರೆಲ್ಲ ತಲೆದೂಗಿದ್ದಾರೆ.

ಆದರೆ ಅವರು ತೋರಿಸಿದ ಉದಾಹರಣೆಗಳೆಲ್ಲ ಹಿಮ ಬೀಳುವ ದೇಶಗಳವು. ನಮ್ಮಲ್ಲಿ ಡಿಸೆಂಬರ್ ತಿಂಗಳಲ್ಲಿಯೂ ಕೋಣೆಯನ್ನು ಬಿಸಿ ಮಾಡುವ ಅಗತ್ಯವಿಲ್ಲ. ಹಾಗಿರುವಾಗ ಈ ವ್ಯವಸ್ಥೆ ಇಲ್ಲಿ ಹೇಗೆ ನಡೆಯುತ್ತದೆ? ಎಷ್ಟು ಬೋರುಗಳು ಬೇಕು, ಅವಕ್ಕೆ ಎಷ್ಟು ಜಾಗ ಬೇಕು, ನಮ್ಮ ಎರೆಮಣ್ಣಿನಲ್ಲಿ ಕೊಳವೆಗಳು ಸುರಕ್ಷಿತವಾಗಿ ಉಳಿಯುತ್ತವೆಯೇ ಎಂಬುದನ್ನು ಬಲ್ಲವರು ವಿವರಿಸಿದರೆ ಉಪಕಾರವಾಗುತ್ತದೆ.

ಶಾಲ್ಮಲಾ (ಧಾರವಾಡ) ಬರೆದ ಉತ್ತರ

ಸರ್, ನಾನು ಚಿಲ್ಲರ್, ಅಂದರೆ ಹವಾನಿಯಂತ್ರಣಕ್ಕೆ ನೀರನ್ನು ತಂಪು ಮಾಡುವ ಯಂತ್ರಗಳ, ವ್ಯವಸ್ಥೆಗಳ ವಿನ್ಯಾಸ ಮಾಡುವವಳು. ಭೂಶಾಖ ಎಂಬ ಹೆಸರು ಕೇಳಿದ ಕೂಡಲೇ ಲಡಾಖಿನ ಪುಗಾ ಕಣಿವೆಯ ಬಿಸಿನೀರಿನ ಬುಗ್ಗೆಗಳು ನೆನಪಿಗೆ ಬರುತ್ತವೆ, ಆದರೆ ಇಲ್ಲಿ ನೆಲದಿಂದ ಅಂಥ ಶಾಖವನ್ನು ಎತ್ತುವ ಮಾತೇ ಇಲ್ಲ. ಕಟ್ಟಡದೊಳಗಿನ ಶಾಖವನ್ನು ಹೊರಗಿನ ಗಾಳಿಗೆ ಬಿಡುವ ಬದಲು, ಬೋರುಗಳಲ್ಲಿ ಇಳಿಬಿಟ್ಟ ಯು ಆಕಾರದ ಪ್ಲಾಸ್ಟಿಕ್ ಕೊಳವೆಗಳಲ್ಲಿ ಸುತ್ತುವ ನೀರಿನ ಮೂಲಕ ಬಂಡೆಗೆ ಬಿಡುವುದಷ್ಟೇ ಇದರ ಕೆಲಸ. ಆದ್ದರಿಂದ ಕೇಳಬೇಕಾದ ಪ್ರಶ್ನೆ ಒಂದೇ: ನಮ್ಮ ಬಂಡೆ ಎಷ್ಟು ಶಾಖವನ್ನು, ಎಷ್ಟು ವರ್ಷಗಳ ಕಾಲ ತೆಗೆದುಕೊಳ್ಳಬಲ್ಲದು?

ಹತ್ತು–ಹದಿನೈದು ಮೀಟರಿಗಿಂತ ಕೆಳಗೆ ನೆಲದ ತಾಪಮಾನ ಋತುವಿಗೆ ತಕ್ಕಂತೆ ಬದಲಾಗುವುದಿಲ್ಲ. ಆಯಾ ಊರಿನ ಗಾಳಿಯ ವಾರ್ಷಿಕ ಸರಾಸರಿಗಿಂತ ಒಂದೆರಡು ಡಿಗ್ರಿ ಹೆಚ್ಚಿನಲ್ಲಿ ನಿಂತಿರುತ್ತದೆ. ಸ್ವೀಡನ್ನಿನ ದಕ್ಷಿಣ ಭಾಗದಲ್ಲಿ ಅದು 10 ಡಿಗ್ರಿಯನ್ನೂ ಮುಟ್ಟುವುದಿಲ್ಲವಾದ್ದರಿಂದ ಬೇಸಿಗೆಯಲ್ಲಿ ಯಂತ್ರವನ್ನೇ ಓಡಿಸದೆ ಬೋರಿನ ನೀರಿನಿಂದಲೇ ಕಟ್ಟಡವನ್ನು ತಂಪುಗೊಳಿಸಬಹುದು. ಹುಬ್ಬಳ್ಳಿಯಲ್ಲಿ 26ರಿಂದ 28 ಡಿಗ್ರಿ ಎಂದು ಹಿಡಿಯಬೇಕು. ಅದರ ಮೇಲೆ ಶಾಖ ಸುರಿಯುತ್ತ ಹೋದಾಗ ಏಪ್ರಿಲ್ ಮಧ್ಯಾಹ್ನ ಬೋರಿನಿಂದ ಹಿಂತಿರುಗುವ ನೀರು 32ರಿಂದ 35 ಡಿಗ್ರಿ ಇರುತ್ತದೆ. ಒಣಹವೆಯ ಬಲದಿಂದ ಇಲ್ಲಿಯ ಕೂಲಿಂಗ್ ಟವರ್ ಅದೇ ಹೊತ್ತಿನಲ್ಲಿ 28ರಿಂದ 30 ಡಿಗ್ರಿಯ ನೀರನ್ನು ಕೊಡಬಲ್ಲದು. ಹೀಗಾಗಿ ಟವರಿಗೆ ಹೋಲಿಸಿದರೆ ವಿದ್ಯುತ್ ಉಳಿಯುತ್ತದೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಗಾಳಿಯಿಂದ ತಣಿಯುವ ಚಿಲ್ಲರಿಗೆ ಹೋಲಿಸಿದರೆ ಮಾತ್ರ ಅದು ನಿಜ.

ಇನ್ನು ಲೆಕ್ಕ. ಒಂದು ಟನ್ ಎಂದರೆ 3.517 ಕಿಲೋವ್ಯಾಟ್ ತಂಪು. ಯಂತ್ರದ ದಕ್ಷತಾಂಕ (ಬಳಸಿದ ವಿದ್ಯುತ್ತಿನ ಎಷ್ಟು ಪಟ್ಟು ತಂಪು ಸಿಗುತ್ತದೆಂಬ ಅಂಕಿ) 4.5 ಎಂದು ಹಿಡಿದರೆ, ಅದು ಬಳಸುವ ವಿದ್ಯುತ್ತೂ ಶಾಖವಾಗಿ ಸೇರಿ, ಪ್ರತಿ ಟನ್ನಿಗೆ 4.3 ಕಿಲೋವ್ಯಾಟ್ ಹೊರಹಾಕಬೇಕು. 200 ಟನ್ನಿಗೆ 860 ಕಿಲೋವ್ಯಾಟ್. ಒಳ್ಳೆಯ ಬಂಡೆಯಲ್ಲಿ ಮೀಟರಿಗೆ 40 ವ್ಯಾಟ್ ಎಂಬ ಮೊದಲ ಅಂದಾಜಿನಂತೆ 21,500 ಮೀಟರ್ ಬೋರು, ಅಂದರೆ 100 ಮೀಟರ್ ಆಳದ 215 ಬೋರುಗಳು. ಒಂದಕ್ಕೊಂದು 6 ಮೀಟರ್ ಅಂತರವಿಟ್ಟರೆ ಸುಮಾರು 7,740 ಚದರ ಮೀಟರ್, ನಮ್ಮ ಲೆಕ್ಕದಲ್ಲಿ 1 ಎಕರೆ 36 ಗುಂಟೆ. ತಮ್ಮ ಮೂರು ಎಕರೆಯಲ್ಲಿ ಕಟ್ಟಡ ಎಲ್ಲಿ ನಿಲ್ಲಬೇಕು?

ಜಾಗ ಸಿಕ್ಕಿತೆಂದೇ ಇಟ್ಟುಕೊಳ್ಳೋಣ. ವರ್ಷಕ್ಕೆ 1,500 ಗಂಟೆ ಪೂರ್ಣ ಹೊರೆಗೆ ಸಮನಾದ ಓಟವೆಂದರೆ ಬಂಡೆಗೆ ಇಳಿಯುವ ಶಾಖ 12.9 ಲಕ್ಷ ಯೂನಿಟ್ (ಒಂದು ಯೂನಿಟ್ ಎಂದರೆ ಒಂದು ಕಿಲೋವ್ಯಾಟ್-ಗಂಟೆ). ಆ ಬೋರುಗಳ ನಡುವಿನ ಬಂಡೆ 7,74,000 ಘನಮೀಟರ್. ಒಂದು ಘನಮೀಟರ್ ಬಂಡೆಯನ್ನು ಒಂದು ಡಿಗ್ರಿ ಏರಿಸಲು ಸುಮಾರು 2.2 ಮೆಗಾಜೌಲ್ ಬೇಕಾಗುವುದರಿಂದ, ಇಡೀ ರಾಶಿಯನ್ನು ಒಂದು ಡಿಗ್ರಿ ಏರಿಸಲು 4.7 ಲಕ್ಷ ಯೂನಿಟ್ ಸಾಕು. ಅಂಚುಗಳಿಂದ ಹೊರಗೆ ಹರಿದುಹೋಗುವುದನ್ನು ಬಿಟ್ಟರೆ, ವರ್ಷಕ್ಕೆ 2.7 ಡಿಗ್ರಿಯಂತೆ ತಮ್ಮ ನೆಲ ಕಾಯುತ್ತ ಹೋಗುತ್ತದೆ. ಇದು ಮೇಲ್ಮಿತಿಯ ಲೆಕ್ಕವೇ ಇರಲಿ, ಅರ್ಧಕ್ಕೆ ಇಳಿಸಿದರೂ ಐದಾರು ವರ್ಷಗಳಲ್ಲಿ ಬೋರಿನಿಂದ ಬರುವ ನೀರು 40 ಡಿಗ್ರಿ ದಾಟಿ ಚಿಲ್ಲರ್ ಏದುಸಿರು ಬಿಡುತ್ತದೆ.

ಶೀತ ದೇಶಗಳಲ್ಲಿ ಈ ತೊಡಕು ಇಲ್ಲದಿರುವುದಕ್ಕೆ ಕಾರಣ ಚಳಿಗಾಲ. ಅಮೆರಿಕದ ಇಂಡಿಯಾನಾದ ಬಾಲ್ ಸ್ಟೇಟ್ ವಿಶ್ವವಿದ್ಯಾಲಯ ಕಲ್ಲಿದ್ದಲ ಬಾಯ್ಲರುಗಳನ್ನು ತೆಗೆದು ಸುಮಾರು 3,600 ಬೋರುಗಳಿಂದ 47 ಕಟ್ಟಡಗಳಿಗೆ ಇದೇ ವ್ಯವಸ್ಥೆ ಮಾಡಿಕೊಂಡಿತು. ಬೇಸಿಗೆಯಲ್ಲಿ ನೆಲಕ್ಕೆ ಹಾಕಿದ ಶಾಖವನ್ನು ಚಳಿಗಾಲದಲ್ಲಿ ಅಲ್ಲಿ ಹಿಂದಕ್ಕೆ ಪಡೆಯುತ್ತಾರೆ. ನ್ಯೂಜೆರ್ಸಿಯ ಸ್ಟಾಕ್ಟನ್ ಕಾಲೇಜಿನ (ಈಗ ವಿಶ್ವವಿದ್ಯಾಲಯ) 400 ಬೋರುಗಳ ಕ್ಷೇತ್ರದಲ್ಲಿ ಪಡೆದದ್ದಕ್ಕಿಂತ ಹಾಕಿದ್ದೇ ಹೆಚ್ಚಾಗಿ, ಅಲ್ಲಿಯ ಚಳಿಯಲ್ಲೂ ನೆಲದ ತಾಪಮಾನ ಏರಿತು. ನಮ್ಮಲ್ಲಿ ಹಿಂದಕ್ಕೆ ಪಡೆಯುವ ದಾರಿಯನ್ನು ಮೊದಲು ಹುಡುಕಬೇಕು, ಬೋರುಗಳನ್ನು ಆಮೇಲೆ ಎಣಿಸಬೇಕು.

ಕಪ್ಪತಗುಡ್ಡ (ಗದಗ) ಬರೆದ ಉತ್ತರ

ಮೇಡಂ ಅವರ ಲೆಕ್ಕಕ್ಕೆ ನೆಲದ ಕಡೆಯಿಂದ ಕೆಲವು ಮಾತು ಸೇರಿಸುತ್ತೇನೆ. ನಾನು ಭೂವಿಜ್ಞಾನ ಓದಿ, ಕೊಳವೆಬಾವಿಗಳ ಸ್ಥಳ ಪರೀಕ್ಷೆಯಲ್ಲಿ ತೊಡಗಿದವನು.

ಹುಬ್ಬಳ್ಳಿ–ಧಾರವಾಡದ ಕೆಳಗಿರುವುದು ಧಾರವಾಡ ಪದರಶಿಲೆಗಳು: ಗ್ರೇವ್ಯಾಕ್, ಫಿಲೈಟ್, ಶಿಸ್ಟ್. ಗದಗಿನ ಕಡೆ ಬಂದರೆ ಕಪ್ಪತಗುಡ್ಡದ ಸಾಲಿನಲ್ಲಿ ಕಬ್ಬಿಣದ ಅಂಶವಿರುವ ಕ್ವಾರ್ಟ್‌ಜೈಟ್ ಪಟ್ಟಿಗಳು, ಸುತ್ತಲಿನ ಬಯಲಿನಲ್ಲಿ ಗ್ರಾನೈಟ್ ಮತ್ತು ನೈಸ್. ಶಾಖ ಹರಿಸುವ ಗುಣ ಶಿಸ್ಟಿನಲ್ಲಿ ಸಾಮಾನ್ಯವಾಗಿ 2ರಿಂದ 3, ಗ್ರಾನೈಟಿನಲ್ಲಿ 2.5ರಿಂದ 3.5, ಕ್ವಾರ್ಟ್‌ಜೈಟಿನಲ್ಲಿ 5ರ ಮೇಲೆ, ಒಣಗಿದ ಜೇಡಿಯಲ್ಲಿ 1ಕ್ಕಿಂತ ಕಡಿಮೆ. ಎಲ್ಲವೂ ಪ್ರತಿ ಮೀಟರ್ ಪ್ರತಿ ಡಿಗ್ರಿಗೆ ವ್ಯಾಟ್ ಲೆಕ್ಕದಲ್ಲಿ. ಆದ್ದರಿಂದ 40 ವ್ಯಾಟ್ ಎಂಬ ಅಂಕಿ ಬಂಡೆಗೆ ಸಲ್ಲುತ್ತದೆ, ಮೇಲಿನ ಮಣ್ಣಿಗಲ್ಲ. ಮೆದುಪದರ ಎಷ್ಟು ದಪ್ಪವಿದೆಯೋ ಅಷ್ಟು ಆಳವನ್ನು ಲೆಕ್ಕದಿಂದ ಕಳೆಯುವುದು ಜಾಣತನ.

ಎರೆಮಣ್ಣಿನ ವಿಚಾರ ತಾವು ಕೇಳಿದ್ದೀರಿ. ಕೆಲವರು ಬೋರಿನ ಖರ್ಚು ಉಳಿಸಲು ಎರಡು ಮೀಟರ್ ಆಳದ ಕಾಲುವೆಗಳಲ್ಲಿ ಕೊಳವೆಯನ್ನು ಅಡ್ಡಲಾಗಿ ಹಾಸುವ ಸಲಹೆ ಕೊಡುತ್ತಾರೆ. ನಮ್ಮ ಎರೆಭೂಮಿಯಲ್ಲಿ ಅದನ್ನು ಮಾಡಲೇಬಾರದು. ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರುಕು ಬಿಡುವ ಈ ಮಣ್ಣು, ಕೊಳವೆಯ ಶಾಖಕ್ಕೆ ಇನ್ನಷ್ಟು ಒಣಗಿ ಕೊಳವೆಯಿಂದ ದೂರ ಸರಿಯುತ್ತದೆ. ನಡುವೆ ಗಾಳಿ ತುಂಬಿಕೊಂಡರೆ ಅತ್ಯಂತ ಹೆಚ್ಚು ತಂಪು ಬೇಕಾದ ಏಪ್ರಿಲ್–ಮೇ ತಿಂಗಳುಗಳಲ್ಲಿಯೇ ವ್ಯವಸ್ಥೆ ಕೈಕೊಡುತ್ತದೆ. ಗುರುಗ್ರಾಮದ ಬಳಿ ಗ್ವಾಲ್ ಪಹಾಡಿಯಲ್ಲಿ ಟೆರಿ ಸಂಸ್ಥೆ ತನ್ನ ಕಟ್ಟಡಕ್ಕೆ 4 ಮೀಟರ್ ಆಳದಲ್ಲಿ ಗಾಳಿ ಸುರಂಗಗಳನ್ನು ಮಾಡಿದ್ದನ್ನು ನೋಡಿ ಇಲ್ಲಿಯೂ ಹಾಗೆ ಮಾಡಬಹುದೆನ್ನುವವರು ಅಲ್ಲಿಯ ಮಣ್ಣು ಬೇರೆ ಎಂಬುದನ್ನು ಗಮನಿಸಬೇಕು. ಲಂಬ ಬೋರುಗಳನ್ನೇ ಮಾಡಿದರೂ, ಅವನ್ನು ಜೋಡಿಸುವ ಅಡ್ಡ ಕೊಳವೆಗಳ ಸುತ್ತ ಎರೆಮಣ್ಣನ್ನು ತೆಗೆದು ಮರಳು ಹಾಗೂ ಗರಸು ತುಂಬಿಸಬೇಕು.

ಬಂಡೆಯಲ್ಲಿಯೂ ಒಂದು ಸೂಕ್ಷ್ಮವಿದೆ. ನಮ್ಮ ಪದರಶಿಲೆಗಳು ಉತ್ತರ-ವಾಯವ್ಯದಿಂದ ದಕ್ಷಿಣ-ಆಗ್ನೇಯಕ್ಕೆ ಹಾಯ್ದು, ಬಹುತೇಕ ನೆಟ್ಟಗೆ ನಿಂತಿವೆ. ಶಾಖ ಪದರದ ಉದ್ದಕ್ಕೆ ಬೇಗ, ಅಡ್ಡಕ್ಕೆ ನಿಧಾನವಾಗಿ ಹರಿಯುತ್ತದೆ. ಹಾಗಾಗಿ ಪದರದ ದಿಕ್ಕಿನಲ್ಲಿ ಬೋರುಗಳ ನಡುವೆ ಸ್ವಲ್ಪ ಹೆಚ್ಚು ಅಂತರ, ಅಡ್ಡದಿಕ್ಕಿನಲ್ಲಿ ಸ್ವಲ್ಪ ಕಡಿಮೆ ಅಂತರ ಇಟ್ಟುಕೊಳ್ಳಬಹುದು. ಇಂಥ ಪದರಗಳಲ್ಲಿ ಬೋರು ಕೊರೆಯುವ ಮೊನೆ ಓರೆಯಾಗಿ ಓಡುವುದೂ ಉಂಟು, ಆದ್ದರಿಂದ 100 ಮೀಟರಿಗಿಂತ ಆಳಕ್ಕೆ ಹೋದಷ್ಟೂ ಪಕ್ಕದ ಬೋರಿಗೆ ಹತ್ತಿರವಾಗುವ ಭಯ ಹೆಚ್ಚು.

ನಮ್ಮ ಕಡೆಯ ಗಾಡಿಗಳು ಆರೂವರೆ ಇಂಚಿನ ಬೋರು ಹೊಡೆಯುತ್ತವೆ. 40 ಮಿಲಿಮೀಟರಿನ ಎರಡು ಕಾಲುಗಳ ಕೊಳವೆಗೆ ನಾಲ್ಕೂವರೆ ಇಂಚು ಸಾಕು. ಆರೂವರೆ ಇಂಚಿನ 100 ಮೀಟರ್ ಬೋರನ್ನು ತುಂಬಲು ಸುಮಾರು 1.9 ಘನಮೀಟರ್ ಗ್ರೌಟ್ (ಕೊಳವೆಯ ಸುತ್ತ ತುಂಬುವ ಗಾರೆ) ಬೇಕಾದರೆ ನಾಲ್ಕೂವರೆ ಇಂಚಿನದಕ್ಕೆ 0.8 ಘನಮೀಟರ್ ಸಾಕಾಗುತ್ತದೆ. ಹತ್ತಾರು ಬೋರುಗಳಿಗೆ ಈ ವ್ಯತ್ಯಾಸ ಸಣ್ಣದಲ್ಲ. ಸ್ವೀಡನ್ನಿನಲ್ಲಿ ಬೋರನ್ನು ತುಂಬದೆ, ಸಹಜವಾಗಿ ನಿಂತ ಅಂತರ್ಜಲವೇ ಕೊಳವೆಯಿಂದ ಬಂಡೆಗೆ ಶಾಖ ಸಾಗಿಸಲಿ ಎಂದು ಬಿಡುತ್ತಾರೆ. ನಮ್ಮಲ್ಲಿ ಮೇ ತಿಂಗಳಿಗೆ ಜಲಮಟ್ಟ ಎಲ್ಲಿಗೆ ಇಳಿದಿರುತ್ತದೆಂದು ರೈತರನ್ನು ಕೇಳಿ ನೋಡಿ; ಮೇಲಿನ ಭಾಗವೆಲ್ಲ ಒಣಗಿ ಕೊಳವೆ ಗಾಳಿಯಲ್ಲಿ ನೇತಾಡುತ್ತದೆ. ಆದ್ದರಿಂದ ಬೆಂಟೊನೈಟ್ (ನೀರಿಗೆ ಉಬ್ಬುವ ಜೇಡಿ), ಸಿಮೆಂಟ್ ಮತ್ತು ಸಿಲಿಕಾ ಮರಳಿನ ಮಿಶ್ರಣವನ್ನು ತಳದಿಂದ ಮೇಲಕ್ಕೆ ಪಂಪ್ ಮಾಡಿ ತುಂಬಿಸಲೇಬೇಕು. ಬೋರಿನಿಂದ ಬಂದ ಪುಡಿಯನ್ನೇ ಸಲಿಕೆಯಿಂದ ತಳ್ಳಿ ಮುಚ್ಚಲು ಗುತ್ತಿಗೆದಾರರಿಗೆ ಅವಕಾಶ ಕೊಡಬೇಡಿ.

ಬೋರಿನ ನೀರನ್ನೇ ಎತ್ತಿ ಯಂತ್ರಕ್ಕೆ ಹರಿಸಿ ಮತ್ತೆ ನೆಲಕ್ಕೆ ಬಿಡುವ ತೆರೆದ ಪದ್ಧತಿಯನ್ನು ಮರೆತುಬಿಡಿ. 200 ಟನ್ನಿಗೆ ಗಂಟೆಗೆ ಒಂದು ಲಕ್ಷ ಲೀಟರಿಗಿಂತ ಹೆಚ್ಚು ಬೇಕು. ಗಟ್ಟಿ ಬಂಡೆಯ ಬಿರುಕುಗಳಲ್ಲಿ ಅಷ್ಟು ನೀರಿಲ್ಲ, ಇದ್ದರೂ ಗಡಸು. ಮುಂಡರಗಿ ಕಡೆಯ ಫ್ಲೋರೈಡ್ ಸಮಸ್ಯೆಯಂತೂ ಎಲ್ಲರಿಗೂ ಗೊತ್ತಿದೆ. ಮುಚ್ಚಿದ ಸುತ್ತಿನಲ್ಲಿ ನೀರನ್ನು ಎತ್ತುವುದಿಲ್ಲವಾದರೂ, 2011ರ ಅಂತರ್ಜಲ ಕಾಯ್ದೆ ಇರುವುದರಿಂದ ಇಷ್ಟೊಂದು ಬೋರು ಹೊಡೆಯುವ ಮೊದಲು ಜಿಲ್ಲಾ ಅಂತರ್ಜಲ ಕಚೇರಿಯೊಂದಿಗೆ ಪತ್ರವ್ಯವಹಾರ ಮಾಡಿಕೊಳ್ಳುವುದು ಲೇಸು.

ಉಣಕಲ್ ಕೆರೆ ದಂಡೆ (ಹುಬ್ಬಳ್ಳಿ)

ಇಬ್ಬರಿಗೂ ಕೃತಜ್ಞತೆಗಳು. ತಮ್ಮ ಲೆಕ್ಕವನ್ನು ಸಲಹೆಗಾರರ ಮುಂದೆ ಇಟ್ಟಾಗ ಅವರು ಯೋಜನೆಯನ್ನು ಬದಲಿಸಿ, ಶಸ್ತ್ರಚಿಕಿತ್ಸಾ ಕೊಠಡಿ ಮತ್ತು ತೀವ್ರ ನಿಗಾ ಘಟಕದ 50 ಟನ್ನಿನ ಮೂಲ ಹೊರೆಯನ್ನು ಮಾತ್ರ ಹಗಲಿರುಳು ಬೋರುಗಳ ಮೇಲೆ ಹಾಕಿ, ಉಳಿದ 150 ಟನ್ನಿಗೆ ಕೂಲಿಂಗ್ ಟವರ್ ಇಡೋಣ ಎಂದಿದ್ದಾರೆ. ಯಂತ್ರ ಸದಾ ಓಡಿದರೆ ಬೋರಿನ ಬಂಡವಾಳ ಬೇಗ ಮರಳುತ್ತದೆಂಬುದು ಅವರ ವಾದ. ಇದು ಸರಿಯೇ? ಟವರ್ ಉಳಿಯುವುದಾದರೆ ನೀರಿನ ಪ್ರಶ್ನೆಯೂ ಉಳಿಯಿತಲ್ಲ.

ವರದಾ ತೀರ (ಹಾವೇರಿ) ಬರೆದ ಉತ್ತರ

ದೊಡ್ಡ ಆಸ್ಪತ್ರೆಯೊಂದರ ನಿರ್ವಹಣಾ ವಿಭಾಗದಲ್ಲಿ ಕೆಲಸ ಮಾಡಿದ ಅನುಭವದಿಂದ ನೀರಿನ ಬಗ್ಗೆ ಹೇಳುತ್ತೇನೆ. ಒಂದು ಟನ್ನಿಗೆ ಟವರ್ ಗಂಟೆಗೆ ಸುಮಾರು ಆರೂವರೆ ಲೀಟರ್ ಆವಿ ಮಾಡುತ್ತದೆ. ಉಪ್ಪು ಕಟ್ಟದಂತೆ ಹೊರಬಿಡುವ ನೀರೂ ಸೇರಿ ಎಂಟೂವರೆ ಲೀಟರ್. ಪೂರ್ತಿ 200 ಟನ್ನೂ ಬೇಸಿಗೆಯ ದಿನ ಹತ್ತು ಗಂಟೆ ಓಡಿತೆಂದರೆ 17,000 ಲೀಟರ್. ಇದು ದೊಡ್ಡ ಅಂಕಿಯಂತೆ ಕಾಣುತ್ತದೆ. ಆದರೆ ರಾಷ್ಟ್ರೀಯ ಕಟ್ಟಡ ಸಂಹಿತೆ ನೂರಕ್ಕಿಂತ ಹೆಚ್ಚು ಹಾಸಿಗೆಯ ಆಸ್ಪತ್ರೆಗೆ ಹಾಸಿಗೆಯೊಂದಕ್ಕೆ ದಿನಕ್ಕೆ 450 ಲೀಟರ್ ನೀರು ಹೇಳುತ್ತದೆ. ತಮ್ಮದಕ್ಕೆ 90,000 ಲೀಟರ್. ಅದರ ಐದರಲ್ಲಿ ನಾಲ್ಕು ಪಾಲು ಚರಂಡಿಗೆ ಬಂದರೂ ತಮ್ಮ ಎಸ್‌ಟಿಪಿಯಿಂದ (ಕೊಳಚೆನೀರು ಶುದ್ಧೀಕರಣ ಘಟಕ) ದಿನಕ್ಕೆ 70,000 ಲೀಟರಿನಷ್ಟು ಶುದ್ಧೀಕರಿಸಿದ ನೀರು ಸಿಗುತ್ತದೆ. ಗಿಡಗಳಿಗೆ ಹಾಕಿ, ಶೌಚಾಲಯಕ್ಕೆ ಬಳಸಿದರೂ ಟವರಿಗೆ ಬೇಕಾದಷ್ಟು ಉಳಿಯುತ್ತದೆ. ಮಲಪ್ರಭೆಯ ಒಂದು ಹನಿಯೂ ಟವರಿಗೆ ಬೇಡ. ಸೋಸುವಿಕೆ, ಗಡಸು ತೆಗೆಯುವ ಘಟಕ ಮತ್ತು ಕ್ಲೋರಿನ್ ನಿಯಂತ್ರಣಕ್ಕೆ ಮಾತ್ರ ಜಿಪುಣತನ ಮಾಡಬಾರದು. ಆಸ್ಪತ್ರೆಯ ಟವರಿನಲ್ಲಿ ನ್ಯುಮೋನಿಯಾ ತರುವ ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾ ಬೆಳೆದರೆ ಅದರ ತುಂತುರು ರೋಗಿಗಳ ಕಿಟಕಿಗೇ ಹೋಗುತ್ತದೆ, ಹಾಗಾಗಿ ತುಂತುರು ತಡೆಯುವ ಜಾಲರಿಯನ್ನೂ ತಾಜಾ ಗಾಳಿಯ ಬಾಯಿಯಿಂದ ಟವರಿಗಿರುವ ದೂರವನ್ನೂ ನಕ್ಷೆಯ ಹಂತದಲ್ಲಿಯೇ ನೋಡಿಕೊಳ್ಳಿ.

ಇನ್ನೊಂದು ಸಂಗತಿ. ಯಾರೂ ಬಿಸಿನೀರಿನ ಮಾತೆತ್ತಿಲ್ಲ. ಸ್ನಾನ, ಅಡುಗೆಮನೆ, ಬಟ್ಟೆ ಒಗೆಯುವ ವಿಭಾಗ ಎಲ್ಲ ಸೇರಿ ಹಾಸಿಗೆಗೆ 100 ಲೀಟರ್ ಎಂದು ಹಿಡಿದರೂ ದಿನಕ್ಕೆ 20,000 ಲೀಟರ್. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಧಾರವಾಡದ ಮೋಡಗಳ ಕೆಳಗೆ ಸೋಲಾರ್ ಎಷ್ಟು ಕಾಯುತ್ತದೆಂದು ಗೊತ್ತಿದ್ದವರೆಲ್ಲ ಜೊತೆಗೆ ವಿದ್ಯುತ್ ಕಾಯಿಲ್ ಇಟ್ಟಿರುತ್ತಾರೆ, ಆಮೇಲೆ ಬಿಲ್ಲು ನೋಡಿ ಬೆವರುತ್ತಾರೆ.

ಶಾಲ್ಮಲಾ (ಧಾರವಾಡ)

ವರದಾ ತೀರದವರು ಎತ್ತಿದ ಬಿಸಿನೀರೇ ನಾನು ಹೇಳಿದ ಹಿಂದಕ್ಕೆ ಪಡೆಯುವ ದಾರಿ. 20,000 ಲೀಟರನ್ನು 25ರಿಂದ 55 ಡಿಗ್ರಿಗೆ ಏರಿಸಲು ದಿನಕ್ಕೆ ಸುಮಾರು 700 ಯೂನಿಟ್ ಶಾಖ ಬೇಕು. ಕಾಯಿಲ್ ಬಳಸಿದರೆ ಅಷ್ಟೂ ವಿದ್ಯುತ್ತೇ, ದಕ್ಷತಾಂಕ 3.5ರ ಹೀಟ್ ಪಂಪ್ ಬಳಸಿದರೆ 200 ಯೂನಿಟ್ ವಿದ್ಯುತ್, ಉಳಿದ 500 ಯೂನಿಟ್ ಬೇರೆಡೆಯಿಂದ ಹೀರಿದ ಶಾಖ. ವರ್ಷಕ್ಕೆ 1.8 ಲಕ್ಷ ಯೂನಿಟ್.

ಈಗ ಸಲಹೆಗಾರರ ಹೊಸ ಯೋಜನೆ. ಮೂಲ ಹೊರೆಯನ್ನು ನೆಲದ ಮೇಲೆ ಹಾಕಬೇಕೆಂಬುದು ಶೀತ ದೇಶಗಳ ತಾಪನಕ್ಕೆ ಒಪ್ಪುವ ಸೂತ್ರ. ಇಲ್ಲಿ ಅದು ತಲೆಕೆಳಗು. 50 ಟನ್ನಿಗೆ 215 ಕಿಲೋವ್ಯಾಟ್, 54 ಬೋರು, ಸುಮಾರು 19 ಗುಂಟೆ. ಹಗಲಿರುಳು ಓಡಿ ವರ್ಷಕ್ಕೆ 3,500 ಗಂಟೆಯ ಪೂರ್ಣ ಹೊರೆಯಾದರೆ ನೆಲಕ್ಕೆ 7.5 ಲಕ್ಷ ಯೂನಿಟ್ ಇಳಿಯುತ್ತದೆ. ಅಷ್ಟು ಬಂಡೆಯನ್ನು ಒಂದು ಡಿಗ್ರಿ ಏರಿಸಲು 1.2 ಲಕ್ಷ ಯೂನಿಟ್ ಸಾಕಾಗುವುದರಿಂದ, ಬಿಸಿನೀರಿಗೆಂದು 1.8 ಲಕ್ಷ ಕಳೆದರೂ ವರ್ಷಕ್ಕೆ 5 ಡಿಗ್ರಿಯ ಹತ್ತಿರ ಏರಿಕೆ. ಸಣ್ಣ ಕ್ಷೇತ್ರದ ಅಂಚಿನಿಂದ ಶಾಖ ಹೆಚ್ಚು ಜಾರಿಹೋಗುತ್ತದೆ, ನಿಜ, ಆದರೂ 200 ಟನ್ನಿನ ಯೋಜನೆಗಿಂತ ಇದು ಬೇಗ ಕೆಡುತ್ತದೆ.

ಅದೇ 54 ಬೋರುಗಳನ್ನು ಮಾರ್ಚ್‌ನಿಂದ ಮೇ ತಿಂಗಳ ಮಧ್ಯಾಹ್ನಗಳಿಗೂ ಟವರ್ ನಿಲ್ಲಿಸಿ ತೊಳೆಯುವ ದಿನಗಳಿಗೂ ಮೀಸಲಿಟ್ಟು, ವರ್ಷಕ್ಕೆ 1,000 ಗಂಟೆ ಮಾತ್ರ ಬಳಸಿದರೆ ಇಳಿಯುವ ಶಾಖ 2.15 ಲಕ್ಷ ಯೂನಿಟ್. ಬಿಸಿನೀರಿನ ಹೀಟ್ ಪಂಪಿಗೆ ಶಾಖದ ಮೂಲ ಹಗಲಿನಲ್ಲಿ ಚಿಲ್ಲರಿಗೆ ಮರಳುವ ತಂಪುನೀರೇ ಆಗಿರಲಿ, ಏಕೆಂದರೆ ಆಗ ಬಿಸಿನೀರಿನ ಜೊತೆಗೆ ಪುಕ್ಕಟೆ ತಂಪೂ ಸಿಗುತ್ತದೆ. ಮಳೆಗಾಲದ ಮತ್ತು ಚಳಿಗಾಲದ ರಾತ್ರಿಗಳಲ್ಲಿ, ವಾರ್ಡುಗಳ ಹೊರೆ ಬಹುತೇಕ ಇಲ್ಲದಾಗ, ಅದು ಬೋರಿನಿಂದ ಎಳೆಯಲಿ. ವರ್ಷದ ಅರ್ಧ ಹೀಗೆ ಬಂದರೆ 90 ಸಾವಿರ ಯೂನಿಟ್ ನೆಲದಿಂದ ಹೊರಬಂತು. ಉಳಿದದ್ದಕ್ಕೆ ನಮ್ಮ ಡಿಸೆಂಬರ್–ಫೆಬ್ರವರಿಯ ರಾತ್ರಿಗಳಿವೆ: ಗಾಳಿ 15–16 ಡಿಗ್ರಿಗೆ ಇಳಿದಾಗ ಟವರಿನ ನೀರನ್ನು ಪ್ಲೇಟ್ ವಿನಿಮಯಕದ (ಎರಡು ನೀರು ಬೆರೆಯದೆ ಶಾಖ ಮಾತ್ರ ದಾಟಿಸುವ ಸಾಧನ) ಮೂಲಕ ಬೋರುಗಳ ಸುತ್ತಿಗೆ ತಾಗಿಸಿ, ರಾತ್ರಿ ಎಂಟು ಗಂಟೆಯಂತೆ ಮೂರು ತಿಂಗಳು ಬಂಡೆಯನ್ನು ತಣಿಸಿದರೆ ಇನ್ನೂ 85 ಸಾವಿರದಷ್ಟು ಹೊರಬೀಳುತ್ತದೆ. ಆಗ ಕೂಡಿಸಿ ಕಳೆದ ಲೆಕ್ಕ ಹೆಚ್ಚುಕಡಿಮೆ ಸರಿಹೋಗುತ್ತದೆ. ಇಲ್ಲಿ ಬಂಡೆ ಶಾಖ ಸುರಿಯುವ ಹಗೇವಲ್ಲ, ಚಳಿಗಾಲದ ತಂಪನ್ನು ಬೇಸಿಗೆಗೆ ಕೂಡಿಡುವ ಹಗೇವು.

ನೇರವಾಗಿ ಹೇಳುವುದಾದರೆ, ತಮ್ಮದು ಬಿಸಿನೀರು ಬೇಡದ ಕಚೇರಿ ಕಟ್ಟಡವಾಗಿದ್ದರೆ ನಾನು ಒಂದು ಬೋರನ್ನೂ ಸೂಚಿಸುತ್ತಿರಲಿಲ್ಲ. ಎಸ್‌ಟಿಪಿ ನೀರಿನ ಟವರ್ ಸಾಕಾಗುತ್ತಿತ್ತು. ಆಸ್ಪತ್ರೆಯಾದ್ದರಿಂದ, ಟವರ್ ನಿಂತರೂ ಶಸ್ತ್ರಚಿಕಿತ್ಸಾ ಕೊಠಡಿ ನಿಲ್ಲಬಾರದೆಂಬ ಕಾರಣಕ್ಕೆ 50 ಟನ್ನಿನ ಬೋರುಗಳಿಗೆ ಅರ್ಥವಿದೆ.

ಕೊಳವೆಗಳ ವಿಚಾರದಲ್ಲಿ ನಮಗೊಂದು ಅನುಕೂಲವುಂಟು: ಹೆಪ್ಪುಗಟ್ಟುವ ಭಯವಿಲ್ಲದ್ದರಿಂದ ಗ್ಲೈಕಾಲ್ ಬೇಡ, ಬರೀ ಮೆದುನೀರು ಸಾಕು. ಪಿಇ 100 ದರ್ಜೆಯ, 16 ಬಾರ್ ಒತ್ತಡ ತಡೆಯುವ ಎಚ್‌ಡಿಪಿಇ ಪ್ಲಾಸ್ಟಿಕ್ ಕೊಳವೆ ಬಳಸಿ. ಇಳಿಸುವ ಮೊದಲು ಒಮ್ಮೆ, ಗ್ರೌಟ್ ತುಂಬಿದ ಮೇಲೆ ಇನ್ನೊಮ್ಮೆ ಒತ್ತಡ ಪರೀಕ್ಷೆ ಮಾಡಿ. ನೆಲದೊಳಗೆ ಬೆಸುಗೆಯಲ್ಲದೆ ಸ್ಕ್ರೂ ಜೋಡಣೆ ಒಂದೂ ಇರಬಾರದು. ಒಂಬತ್ತೊಂಬತ್ತು ಬೋರಿನ ಆರು ಗುಂಪು ಮಾಡಿ, ಪ್ರತಿ ಗುಂಪಿಗೆ ಚೇಂಬರಿನಲ್ಲಿ ವಾಲ್ವ್ ಇಟ್ಟರೆ ಒಂದು ಬೋರು ಸೋರಿದರೂ ಎಂಟನ್ನು ಮಾತ್ರ ಜೊತೆಗೆ ನಿಲ್ಲಿಸಬೇಕಾಗುತ್ತದೆ. ಸುತ್ತಿನ ಪಂಪುಗಳ ಬಲ 100 ಟನ್ನಿಗೆ 5 ಎಚ್‌ಪಿ ಮೀರಿತೆಂದರೆ ಕೊಳವೆ ಸಣ್ಣದಾಯಿತೇ ಎಂದು ಮತ್ತೆ ನೋಡಿ.

ಉಣಕಲ್ ಕೆರೆ ದಂಡೆ (ಹುಬ್ಬಳ್ಳಿ)

ಈಗ ಚಿತ್ರ ಸ್ಪಷ್ಟವಾಯಿತು. 19 ಗುಂಟೆ ಎಂದರೆ ವಾಹನ ನಿಲುಗಡೆಯ ಜಾಗದ ಕೆಳಗೇ ಹಿಡಿಯುತ್ತದೆ. ಸಮಿತಿ 54 ಬೋರುಗಳಿಗೆ ಟೆಂಡರ್ ಕರೆಯುವ ಮುನ್ನ ಮೀಟರಿಗೆ 40 ವ್ಯಾಟ್ ಎಂಬುದನ್ನು ನಮ್ಮ ಜಾಗದಲ್ಲಿಯೇ ಖಚಿತಪಡಿಸಿಕೊಳ್ಳುವ ಉಪಾಯವಿದೆಯೇ?

ಕಪ್ಪತಗುಡ್ಡ (ಗದಗ)

ಇದೆ, ಮತ್ತು ಅದನ್ನು ಮಾಡದೆ ಟೆಂಡರ್ ಕರೆಯಬಾರದು. ನಿಲುಗಡೆ ಜಾಗದ ಒಂದು ಮೂಲೆಯಲ್ಲಿ, ಮುಂದೆ ಕ್ಷೇತ್ರದ ಮೊದಲ ಬೋರಾಗಿ ಉಳಿಯುವಂಥ ಸ್ಥಳದಲ್ಲಿ, 100 ಮೀಟರಿನ ಒಂದೇ ಬೋರು ಹೊಡೆಸಿ, ಕೊಳವೆ ಇಳಿಸಿ, ಗ್ರೌಟ್ ತುಂಬಿ ಐದು ದಿನ ಬಿಡಿ. ಆಮೇಲೆ ಮೊದಲು ಬರೀ ನೀರು ಸುತ್ತಿಸಿ ನೆಲದ ಸಹಜ ತಾಪಮಾನ ಗುರುತು ಮಾಡಿಕೊಂಡು, 5ರಿಂದ 6 ಕಿಲೋವ್ಯಾಟ್ ಹೀಟರಿನಿಂದ ಎರಡು ದಿನ ಹಗಲಿರುಳು ಒಂದೇ ಸಮನೆ ಶಾಖ ಕೊಡುತ್ತ, ಒಳಹೋಗುವ ಮತ್ತು ಹೊರಬರುವ ನೀರಿನ ತಾಪಮಾನವನ್ನು ದಾಖಲಿಸಬೇಕು. ತಾಪಮಾನ ಏರುವ ವೇಗದಿಂದ ಬಂಡೆಯ ಶಾಖವಾಹಕತೆಯೂ ಶಾಖದ ಹರಿವಿಗೆ ಬೋರು ಒಡ್ಡುವ ತಡೆಯೂ ಲೆಕ್ಕಕ್ಕೆ ಸಿಗುತ್ತವೆ. ಲೈನಿನ ವೋಲ್ಟೇಜ್ ಏರಿಳಿದರೆ ಹೀಟರಿನ ಶಾಖವೂ ಏರಿಳಿದು ಇಡೀ ದಾಖಲೆ ವ್ಯರ್ಥವಾಗುವುದರಿಂದ ಸ್ಥಿರ ವೋಲ್ಟೇಜಿನ ಜನರೇಟರ್ ಇಟ್ಟುಕೊಳ್ಳಿ.

ಬೋರು ಹೊಡೆಯುವಾಗ ಪ್ರತಿ 3 ಮೀಟರಿಗೊಮ್ಮೆ ಬಂದ ಪುಡಿಯನ್ನು ಬೇರೆ ಬೇರೆ ಚೀಲದಲ್ಲಿ ಕಟ್ಟಿ ಆಳ ಬರೆದಿಡಲು ಹೇಳಿ. ಮೆದುಪದರ ಎಲ್ಲಿ ಮುಗಿದು ಬಂಡೆ ಎಲ್ಲಿ ಶುರುವಾಯಿತೆಂಬುದು ಅದರಿಂದಲೇ ತಿಳಿಯುತ್ತದೆ. ಜನವರಿಯಿಂದ ಮೇ ತಿಂಗಳೊಳಗೆ ಹೊಡೆಸುವುದು ಒಳ್ಳೆಯದು. ಮಳೆ ಬಿದ್ದ ಮೇಲೆ ಎರೆಹೊಲಕ್ಕೆ ಬೋರಿನ ಗಾಡಿ ಇಳಿದರೆ ಅದನ್ನು ಮೇಲೆ ಎಳೆಯಲು ಇನ್ನೊಂದು ಗಾಡಿ ತರಿಸಬೇಕಾಗುತ್ತದೆ.